ನಂಚಿಕೊಳ್ಳಲು ಏನೇನು?

ನವೆಂಬರ್ ತಿಂಗಳ ನಾಲ್ಕನೇ ಗುರುವಾರ ಅಮೆರಿಕದ ಅಡುಗೆಮನೆಗಳಲ್ಲಿ ಮಾತಿಗೆ ಮಾತು ಬೆಳೆದರೆ ಟರ್ಕಿ ಕೋಳಿಯ ತಪ್ಪೇನೂ ಇರುವುದಿಲ್ಲ. ಥ್ಯಾಂಕ್ಸ್‌ಗಿವಿಂಗ್ ಊಟವೆಂದ ಮೇಲೆ ಮೇಜಿನ ನಡುವೆ ಅದು ಇದ್ದೇ ಇರುತ್ತದೆ, ಆ ವಿಷಯ ಎಂದೋ ಇತ್ಯರ್ಥವಾಗಿದೆ. ವಾದವೆಲ್ಲ ಅದರ ಸುತ್ತ ಏನಿರಬೇಕು ಎಂಬುದಕ್ಕೆ. ಗೆಣಸಿನ ಮೇಲೆ ಮಾರ್ಷ್‌ಮೆಲ್ಲೊ ಹರಡಬೇಕೋ ಬೇಡವೋ, ಕ್ರ್ಯಾನ್‌ಬೆರಿ ಸಾಸನ್ನು ಮನೆಯಲ್ಲೇ ಕುದಿಸಬೇಕೋ ಡಬ್ಬಿಯದೇ ಆಗಬೇಕೋ, ಕೊನೆಗೆ ಕುಂಬಳದ ಪೈ ಒಂದೇ ಸಾಕೋ ಪೀಕನ್ ಪೈಯೂ ಬೇಕೋ. ಮದುವೆಯಾದ ಮೊದಲ ವರ್ಷ ಗಂಡನ ಮನೆಯ ಸ್ಟಫಿಂಗ್, ಅಂದರೆ ಬ್ರೆಡ್ಡಿನ ಹೂರಣ, ಸೊಸೆಗೆ ಸೇರದೆ, ಸೊಸೆಯ ತವರಿನದು ಅತ್ತೆಗೆ ಒಗ್ಗದೆ, ಎರಡು ಬಗೆ ಮಾಡಿಟ್ಟು ಸುಮ್ಮನಾದ ಮನೆಗಳು ಬೇಕಾದಷ್ಟಿವೆ. ಸಾರಿಗೆ ಬೆಲ್ಲ ಹಾಕುವ ಮನೆಗೂ ಹಾಕದ ಮನೆಗೂ ನೆಂಟಸ್ತಿಕೆ ಬೆಳೆದಾಗ ನಮ್ಮಲ್ಲಿ ಆಗುವುದೂ ಇದೇ.

ಹಾಗಾಗಿ ಆ ಊಟದ ಪಟ್ಟಿ ಹಾಕುವುದೆಂದರೆ ಪದಾರ್ಥಗಳ ಹೆಸರು ಬರೆಯುತ್ತಾ ಹೋಗುವುದು ಎಂದುಕೊಂಡವರು ಎಡವುತ್ತಾರೆ. ಬರೆಯಬೇಕಾದದ್ದು ಮನುಷ್ಯರ ಹೆಸರು. ಯಾರಿಗೆ ಯಾವುದು ಇಲ್ಲದಿದ್ದರೆ ಹಬ್ಬ ಹಬ್ಬವೆನಿಸುವುದಿಲ್ಲ ಎಂದು ಗೊತ್ತುಮಾಡಿಕೊಂಡರೆ ಪಟ್ಟಿಯ ಮುಕ್ಕಾಲು ಭಾಗ ತಾನಾಗಿ ತುಂಬಿಕೊಳ್ಳುತ್ತದೆ.

ಇನ್ನು ಕಾಲು ಭಾಗವನ್ನು ತೀರ್ಮಾನಿಸುವುದು ಓವನ್. ಅಲ್ಲಿನ ಸಾಮಾನ್ಯ ಮನೆಯಲ್ಲಿ ಇರುವುದು ಒಂದೇ ಓವನ್. 15 ಪೌಂಡಿನ ಟರ್ಕಿ, ಅಂದರೆ ಸುಮಾರು 7 ಕಿಲೋ ತೂಕದ್ದು, 325 ಡಿಗ್ರಿ ಫ್ಯಾರನ್‌ಹೀಟ್ ಶಾಖದಲ್ಲಿ ಹತ್ತಿರಹತ್ತಿರ 4 ಗಂಟೆ ಅದರೊಳಗೆ ಕೂರುತ್ತದೆ. ಮಾಂಸದ ಒಳಭಾಗ 165 ಡಿಗ್ರಿ ಮುಟ್ಟುವ ತನಕ ತೆಗೆಯಬೇಡಿ ಎಂದು ಅಮೆರಿಕದ ಕೃಷಿ ಇಲಾಖೆ ಹೇಳುತ್ತದೆ. ಅಷ್ಟು ಹೊತ್ತು ಬೇರೆ ಯಾವುದಕ್ಕೂ ಒಳಗೆ ಜಾಗವಿಲ್ಲ. ಹೊರಗೆ ತೆಗೆದ ಮೇಲೆ ಅದನ್ನು ತಕ್ಷಣ ಕೊಯ್ಯುವಂತಿಲ್ಲ, ರಸ ಇಂಗಲು ಇಪ್ಪತ್ತು ಮೂವತ್ತು ನಿಮಿಷ ಬಿಡಬೇಕು. ಆ ಅರ್ಧ ಗಂಟೆಯೇ ಉಳಿದವಕ್ಕೆಲ್ಲ ಮುಹೂರ್ತ. ಸ್ಟಫಿಂಗ್, ಬೀನ್ಸ್, ಗೆಣಸು, ಬನ್ನು ಎಲ್ಲವೂ ಅದೇ ಮುಹೂರ್ತಕ್ಕೆ ಸಾಲುಗಟ್ಟಿ ನಿಂತರೆ ಕೆಲಸ ಕೆಟ್ಟಿತು. ಅನುಭವಸ್ಥರು ಪಟ್ಟಿಯನ್ನು ಮೊದಲೇ ಪಾಲು ಮಾಡುತ್ತಾರೆ: ಒಲೆಯ ಮೇಲೆ ಆಗುವುದು ಯಾವುದು, ಓವನ್ನೇ ಬೇಕಾದದ್ದು ಯಾವುದು, ತಣ್ಣಗೇ ಬಡಿಸಬಹುದಾದದ್ದು ಯಾವುದು. ಓವನ್ ಬೇಡುವ ಪದಾರ್ಥ ಎರಡು ದಾಟಿದರೆ ಒಂದನ್ನು ಬರುವವರಿಗೆ ಒಪ್ಪಿಸಿಬಿಡುವುದು ಜಾಣತನ.

ಕೆಲಸದ ಕ್ರಮವೂ ಉಣ್ಣುವ ಕ್ರಮಕ್ಕೆ ತಿರುಗುಮುರುಗು. ಕೊನೆಗೆ ಬರುವ ಸಿಹಿ ಎಲ್ಲಕ್ಕಿಂತ ಮುಂಚೆ ಮುಗಿಯಬೇಕು. ಬುಧವಾರ ಸಂಜೆಗೇ ಪೈಗಳು ಬೆಂದು ಆರಿರಬೇಕು, ಕ್ರ್ಯಾನ್‌ಬೆರಿ ಅದಕ್ಕೂ ಎರಡು ದಿನ ಮೊದಲೇ ಫ್ರಿಜ್ ಸೇರಿದ್ದರೆ ಇನ್ನೂ ಒಳ್ಳೆಯದು. ಎಲ್ಲಕ್ಕಿಂತ ಕೊನೆಗೆ ಮಾಡುವುದು ಮ್ಯಾಶ್ಡ್ ಪೊಟೇಟೊ. ಬೆಂದ ಆಲೂಗಡ್ಡೆಯನ್ನು ಬಿಸಿಬಿಸಿಯಾಗಿರುವಾಗಲೇ ಕೈಯಿಂದ ಮಸೆದು ಬೆಣ್ಣೆ, ಬೆಚ್ಚನೆಯ ಹಾಲು ಬೆರೆಸಬೇಕು. ಬೇಗ ಮುಗಿಯಲೆಂದು ಮಿಕ್ಸಿಗೆ ಹಾಕಿದರೆ ಪಿಷ್ಟವೆಲ್ಲ ಬಿಟ್ಟುಕೊಂಡು ಅಂಟಂಟಾಗಿ ಚಮಚಕ್ಕೇ ಹಿಡಿದುಕೊಳ್ಳುತ್ತದೆ. ಆಮೇಲೆ ಎಷ್ಟು ಬೆಣ್ಣೆ ಸುರಿದರೂ ಅದು ಸರಿಹೋಗುವುದಿಲ್ಲ.

ಕುಂಬಳದ ಪೈ ನೋಡಲು ಸುಲಭ, ಮಾಡಲು ಕಣ್ಣು ಬೇಕು. ಅಲ್ಲಿನ ಬಹುತೇಕ ಮನೆಗಳಲ್ಲಿ ಇಡೀ ಕಾಯಿ ತಂದು ಹೆಚ್ಚುವುದಿಲ್ಲ, ಡಬ್ಬಿ ಒಡೆಯುತ್ತಾರೆ. ಲಿಬ್ಬಿಸ್ ಕಂಪನಿ 1950ರಿಂದ ಡಬ್ಬಿಯ ಮೇಲೇ ಅಚ್ಚು ಹಾಕುತ್ತಾ ಬಂದಿರುವ ಪಾಕವೇ ಕೋಟ್ಯಂತರ ಮನೆಗಳ ಪಾಕ: ಕುಂಬಳದ ತಿರುಳು, ಮೊಟ್ಟೆ, ಗಟ್ಟಿಗೊಳಿಸಿದ ಹಾಲು, ಸಕ್ಕರೆ, ಜೊತೆಗೆ ಚಕ್ಕೆ, ಒಣಶುಂಠಿ, ಲವಂಗ. ಮೊದಲ ಕಾಲು ಗಂಟೆ ಬೆಂಕಿ ಜೋರು, ಆಮೇಲೆ ತಗ್ಗಿಸಿ ಮುಕ್ಕಾಲು ಗಂಟೆ. ಪರೀಕ್ಷೆ ಇರುವುದು ಹೊರಗೆ ತೆಗೆಯುವ ಗಳಿಗೆಯಲ್ಲಿ. ತಟ್ಟೆಯನ್ನು ಮೆಲ್ಲಗೆ ಅಲುಗಿಸಿದರೆ ಅಂಚು ಗಟ್ಟಿಯಾಗಿ ನಿಂತು, ನಡುವಿನ ಎರಡು ಮೂರು ಅಂಗುಲ ಮಾತ್ರ ತುಳುಕಬೇಕು. ಆಗಲೇ ತೆಗೆದರೆ ಒಳಗಿನ ಕಾವಿಗೇ ಉಳಿದದ್ದು ಬೇಯುತ್ತದೆ. ನಡುವೂ ಗಟ್ಟಿಯಾಗಲಿ ಎಂದು ಕಾದವರ ಪೈ, ಆರುತ್ತಾ ಆರುತ್ತಾ ಒಂದು ಉದ್ದನೆಯ ಬಿರುಕು ಬಿಡುತ್ತದೆ. ಅದನ್ನು ಮುಚ್ಚಲು ಹಾಲಿನ ಕೆನೆ ಇದ್ದೇ ಇದೆ, ಆ ಮಾತು ಬೇರೆ.

ಆ ಡಬ್ಬಿಯೊಳಗಿನ ಕುಂಬಳ ಹ್ಯಾಲೊವೀನ್ ಹಬ್ಬಕ್ಕೆ ಮುಖ ಕೊರೆದು ದೀಪ ಇಡುತ್ತಾರಲ್ಲ, ಆ ಕೆಂಪು ಕಾಯಿಯಲ್ಲ. ಡಿಕಿನ್‌ಸನ್ ಎಂಬ, ತೊಗಲು ಬಣ್ಣದ, ತಿರುಳು ದಪ್ಪಗಿರುವ ತಳಿ. ಇಲಿನಾಯ್ ರಾಜ್ಯದ ಮಾರ್ಟನ್ ಎಂಬ ಸಣ್ಣ ಊರಿನ ಸುತ್ತ ಬೆಳೆದು ಅಲ್ಲೇ ಡಬ್ಬಿಗೆ ತುಂಬುತ್ತಾರೆ. ಸಸ್ಯಶಾಸ್ತ್ರದ ಲೆಕ್ಕದಲ್ಲಿ ಅದು ಕುಕುರ್ಬಿಟ ಮಾಸ್ಕೇಟ ಎಂಬ ಜಾತಿ. ನಮ್ಮ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ಬಿಡುಗಡೆ ಮಾಡಿದ ಅರ್ಕಾ ಚಂದನ್ ಸಿಹಿಗುಂಬಳವೂ ಅದೇ ಜಾತಿಯದು. ಧಾರವಾಡದ ಕಡೆ ಕುಂಬಳಕಾಯಿಗೆ ಬೆಲ್ಲ ಬೆರೆಸಿ ಗಾರಿಗೆ ಕರಿಯುವವರಿಗೆ ಈ ಪೈ ದೂರದ ಸಂಬಂಧವೇನಲ್ಲ. ಅಮೆರಿಕದಲ್ಲಿ ಅಚ್ಚಾದ ಮೊದಲ ಅಮೆರಿಕನ್ ಅಡುಗೆ ಪುಸ್ತಕವೆಂದು ಹೆಸರಾದ, 1796ರ ಅಮೀಲಿಯಾ ಸಿಮನ್ಸ್ ಅವರ ಪುಸ್ತಕದಲ್ಲೂ ಕುಂಬಳದ ಈ ಸಿಹಿ ಇದೆ.

ಸಿಹಿಗಾಗಿ ಹಬ್ಬವನ್ನೇ ಮುಂದೂಡಿದವರೂ ಇದ್ದಾರೆ. 1705ರಲ್ಲಿ ಕನೆಕ್ಟಿಕಟ್‌ನ ಕಾಲ್ಚೆಸ್ಟರ್ ಎಂಬ ಊರಿನಲ್ಲಿ ಪೈಗೆ ಬೇಕಾದ ಕಾಕಂಬಿ ಸಮಯಕ್ಕೆ ಬರಲಿಲ್ಲವೆಂದು ಥ್ಯಾಂಕ್ಸ್‌ಗಿವಿಂಗನ್ನು ಒಂದು ವಾರ ತಡವಾಗಿ ಆಚರಿಸಿದರಂತೆ. ದೇವರಿಗೆ ಕೃತಜ್ಞತೆ ಹೇಳುವುದು ಒಂದು ವಾರ ಕಾಯಬಹುದು, ಪೈ ಇಲ್ಲದೆ ಹೇಳುವುದು ಸಾಧ್ಯವಿಲ್ಲ ಎಂದು ಊರಿನವರೇ ಕೂತು ತೀರ್ಮಾನಿಸಿದರೆನ್ನುವ ಕಥೆ ನನಗೆ ಬಹಳ ಹಿಡಿಸಿತು. ಆ ಕಾಲದ ಕಾಕಂಬಿ ಬರುತ್ತಿದ್ದದ್ದು ವೆಸ್ಟ್ ಇಂಡೀಸ್‌ನ ಕಬ್ಬಿನ ತೋಟಗಳಿಂದ, ಅಲ್ಲಿ ಬೆವರು ಸುರಿಸುತ್ತಿದ್ದವರು ಗುಲಾಮರು ಎನ್ನುವುದನ್ನೂ ಸೇರಿಸಿಯೇ ಹೇಳಬೇಕು. ಪೀಕನ್ ಪೈಯ ಹಿಂದೆಯೂ ಅಂಥದೇ ಒಂದು ಕಥೆಯಿದೆ. ಕಾಡುಮರವಾಗಿದ್ದ ಪೀಕನ್ನಿಗೆ ಕಸಿ ಕಟ್ಟಿ, ಸಿಪ್ಪೆ ತೆಳುವಾದ ತಳಿಯನ್ನು ತೋಟದ ಬೆಳೆಯಾಗಿಸಿದವನು ಲೂಸಿಯಾನದ ಓಕ್ ಆ್ಯಲಿ ಎಸ್ಟೇಟಿನ ಗುಲಾಮ ತೋಟಗಾರ ಆಂಟ್ವಾನ್. 1840ರ ದಶಕದ ಮಾತು. ಎಸ್ಟೇಟಿನ ದಾಖಲೆಗಳಲ್ಲಿ ಅವನಿಗೆ ಮನೆತನದ ಹೆಸರು ಕೂಡ ಇಲ್ಲ.

ಪಟ್ಟಿಯಲ್ಲಿ ಎಲ್ಲಕ್ಕಿಂತ ಕಡಿಮೆ ಕೆಲಸ ಕೊಡುವುದು ಕ್ರ್ಯಾನ್‌ಬೆರಿ. ಒಂದು ಚೀಲ ಹಣ್ಣು, ಒಂದು ಬಟ್ಟಲು ಸಕ್ಕರೆ, ಒಂದು ಬಟ್ಟಲು ನೀರು. ಹತ್ತು ನಿಮಿಷದಲ್ಲಿ ಹಣ್ಣು ಪಟಪಟ ಸಿಡಿದು ಬಾಯಿ ಬಿಡುತ್ತದೆ, ತನ್ನಲ್ಲಿರುವ ಪೆಕ್ಟಿನ್ನಿನಿಂದಲೇ ಆರಿದ ಮೇಲೆ ಗಟ್ಟಿಯಾಗುತ್ತದೆ. ಒಂದು ಹಣ್ಣನ್ನು ಅಡ್ಡಕ್ಕೆ ಕೊಯ್ದರೆ ಒಳಗೆ ನಾಲ್ಕು ಪುಟ್ಟ ಟೊಳ್ಳು ಕೋಣೆಗಳು ಕಾಣುತ್ತವೆ. ಆ ಗಾಳಿಕೋಣೆಗಳ ದೆಸೆಯಿಂದಲೇ ಅದು ನೀರಿನಲ್ಲಿ ತೇಲುವುದು. ವಿಸ್ಕಾನ್ಸಿನ್, ಮ್ಯಾಸಚೂಸೆಟ್ಸ್‌ಗಳಲ್ಲಿ ಕೊಯ್ಲಿನ ಹೊತ್ತಿಗೆ ಗದ್ದೆಗೇ ನೀರು ಕಟ್ಟಿ, ಬಳ್ಳಿಯನ್ನು ಬಡಿದು, ಮೇಲೆ ತೇಲಿಬಂದ ಹಣ್ಣನ್ನು ಒಂದು ಮೂಲೆಗೆ ಗುಡಿಸಿಕೊಳ್ಳುತ್ತಾರೆ. ಡಬ್ಬಿಗೆ ತುಂಬುವುದನ್ನು 1912ರಲ್ಲಿ ಶುರುಮಾಡಿದವರು ಮಾರ್ಕಸ್ ಯೂರನ್ ಎಂಬ ವಕೀಲರು. ಡಬ್ಬಿಯ ಗೆರೆಗಳು ಮೈಮೇಲೆ ಹಾಗೇ ಮೂಡಿರುವ ಕೆಂಪು ಕೊರಡೊಂದು ತಟ್ಟೆಗೆ ಜಾರಿ ಬೀಳುವ ಸದ್ದು ಕೇಳದಿದ್ದರೆ ಹಬ್ಬವೇ ಆಗಲಿಲ್ಲ ಎನ್ನುವವರು ಅಲ್ಲಿ ಲಕ್ಷಗಟ್ಟಲೆ. ಅಂಥವರೆದುರು ಮನೆಯಲ್ಲೇ ಕುದಿಸಿ, ಕಿತ್ತಳೆ ಸಿಪ್ಪೆ ತುರಿದು ಹಾಕಿದ ಸಾಸನ್ನು ಹೊಗಳಿಕೊಳ್ಳದಿರುವುದು ಕ್ಷೇಮ.

ಇದೇ ಹಣ್ಣಿನಲ್ಲಿ ನಮ್ಮ ಕಡೆಯ ಎಳೆಯೊಂದು ಸಿಗುತ್ತದೆ. ಸೂಸನ್ ಸ್ಟ್ಯಾಂಬರ್ಗ್ ಎಂಬ ಹೆಸರಾಂತ ಬಾನುಲಿ ಪತ್ರಕರ್ತೆ ಎನ್‌ಪಿಆರ್ ರೇಡಿಯೋದಲ್ಲಿ 1970ರ ದಶಕದಿಂದಲೂ ಪ್ರತಿ ನವೆಂಬರ್‌ನಲ್ಲಿ ತಮ್ಮ ಅತ್ತೆಯ ಕ್ರ್ಯಾನ್‌ಬೆರಿ ಪಾಕವನ್ನು ಓದಿ ಹೇಳುತ್ತಿದ್ದರು. ಹಸಿ ಹಣ್ಣು, ಈರುಳ್ಳಿ, ಹುಳಿಕೆನೆ, ಸಕ್ಕರೆ, ಮೂಗಿಗೇರುವ ಹಾರ್ಸ್‌ರ‍್ಯಾಡಿಶ್ ಗೆಡ್ಡೆ, ಎಲ್ಲವನ್ನೂ ಅರೆದು ಹೆಪ್ಪುಗಟ್ಟಿಸುವ, ಗುಲಾಬಿ ಬಣ್ಣದ ವಿಚಿತ್ರ ಗೊಜ್ಜು. ಕೇಳುಗರು ಮೂಗು ಮುರಿದರೂ ಅವರು ಬಿಡಲಿಲ್ಲ. ಅದರ ಜೊತೆಗೇ ಅವರು ಹೇಳುತ್ತಿದ್ದ ಇನ್ನೊಂದು ಪಾಕ ದೆಹಲಿ ಮೂಲದ ಮಧುರ್ ಜಾಫ್ರಿ ಅವರದು: ಡಬ್ಬಿಯ ಕ್ರ್ಯಾನ್‌ಬೆರಿಗೆ ಶುಂಠಿ, ಬೆಳ್ಳುಳ್ಳಿ, ಖಾರದ ಪುಡಿ, ವಿನೆಗರ್ ಸೇರಿಸಿದ ಚಟ್ನಿ. ಹುಳಿಯಾದ ಯಾವ ಹಣ್ಣು ಕಂಡರೂ ನಮ್ಮವರ ಕೈ ಮೆಣಸಿನಕಾಯಿಯ ಡಬ್ಬಿಗೆ ಹೋಗುತ್ತದೆ. ಅಮೆರಿಕದ ಕನ್ನಡ ಮನೆಗಳಲ್ಲಿ ಇವತ್ತು ಕ್ರ್ಯಾನ್‌ಬೆರಿ ಉಪ್ಪಿನಕಾಯಿ, ಕ್ರ್ಯಾನ್‌ಬೆರಿ ಗೊಜ್ಜು, ಇಂಗು ಒಗ್ಗರಣೆ ಕೊಟ್ಟ ಕ್ರ್ಯಾನ್‌ಬೆರಿ ಚಿತ್ರಾನ್ನ ಎಲ್ಲವೂ ಆಗುತ್ತವೆ. ನವೆಂಬರ್‌ನಲ್ಲಿ ಚೀಲಗಟ್ಟಲೆ ತಂದು ಫ್ರೀಜರಿಗೆ ಹಾಕಿ ವರ್ಷವಿಡೀ ಬಳಸುವವರನ್ನು ನಾನು ಬಲ್ಲೆ.

ಅಜ್ಜಿಯ ಕಾಲದ್ದು ಎಂದು ಎಲ್ಲರೂ ಕಣ್ಣಿಗೊತ್ತಿಕೊಳ್ಳುವ ಪದಾರ್ಥಗಳಲ್ಲಿ ಎಷ್ಟೋ ಕಂಪನಿಗಳ ಅಡುಗೆಮನೆಯಲ್ಲಿ ಹುಟ್ಟಿದವು. ಬೀನ್ಸ್ ಕ್ಯಾಸರೋಲನ್ನೇ ನೋಡಿ. 1955ರಲ್ಲಿ ನ್ಯೂಜೆರ್ಸಿಯ ಕ್ಯಾಮ್ಡನ್‌ನಲ್ಲಿ ಕ್ಯಾಂಪ್‌ಬೆಲ್ ಸೂಪ್ ಕಂಪನಿಯಲ್ಲಿದ್ದ ಡಾರ್ಕಸ್ ರೈಲಿ ಅದನ್ನು ಸಿದ್ಧಪಡಿಸಿದರು. ಯಾವ ಮನೆಯಲ್ಲೂ ಸಿಗುವ ಸಾಮಾನಿನಲ್ಲೇ ಆಗಬೇಕು ಎಂಬುದು ಅವರ ಮುಂದಿದ್ದ ಷರತ್ತು. ಬೀನ್ಸ್, ಅಣಬೆ ಸೂಪಿನ ಡಬ್ಬಿ, ಹಾಲು, ಚೂರು ಸೋಯಾ ಸಾಸ್, ಕಾಳುಮೆಣಸು, ಮೇಲೆ ಕರಿದ ಈರುಳ್ಳಿ, ಅಷ್ಟೇ. ಅವರು ಕೈಯಾರೆ ಬರೆದಿದ್ದ ಪಾಕದ ಚೀಟಿಯನ್ನು ಕಂಪನಿ 2002ರಲ್ಲಿ ನ್ಯಾಷನಲ್ ಇನ್ವೆಂಟರ್ಸ್ ಹಾಲ್ ಆಫ್ ಫೇಮ್‌ಗೆ ಕೊಟ್ಟಿತು. ಎಡಿಸನ್ ಇರುವ ಜಾಗಕ್ಕೆ ಬೀನ್ಸ್ ಪಲ್ಯವೂ ಹೋಯಿತು ಅನ್ನಿ. ಗೆಣಸಿನ ಮೇಲೆ ಮಾರ್ಷ್‌ಮೆಲ್ಲೊ ಬಂದದ್ದು 1917ರಲ್ಲಿ, ಏಂಜೆಲಸ್ ಮಾರ್ಷ್‌ಮೆಲ್ಲೊ ಕಂಪನಿಯವರು ಜಾನೆಟ್ ಮೆಕೆಂಜಿ ಹಿಲ್ ಎಂಬ ಪಾಕತಜ್ಞೆಯಿಂದ ಬರೆಸಿದ ಪುಸ್ತಿಕೆಯ ಮೂಲಕ. ಸರಕು ಮಾರಲು ಹೂಡಿದ ಉಪಾಯವೇ ಇರಬಹುದು, ಆದರೆ ನಾಲ್ಕು ತಲೆಮಾರು ಅದನ್ನು ತಿಂದು ಬೆಳೆದ ಮೇಲೆ ಸಂಪ್ರದಾಯವಲ್ಲ ಎನ್ನಲು ನಾವು ಯಾರು? ನನಗಂತೂ ಸಿಹಿಯಾದ ಗೆಣಸಿಗೆ ಇನ್ನಷ್ಟು ಸಿಹಿ ಹೊದಿಸುವುದು ಅರ್ಥವಾಗಿಲ್ಲ. ಸಂಕ್ರಾಂತಿಯಲ್ಲಿ ಬರೀ ಬೇಯಿಸಿ ತಿನ್ನುವವರ ನಾಲಿಗೆ ನಮ್ಮದು.

1621ರಲ್ಲಿ ಪ್ಲಿಮತ್‌ನಲ್ಲಿ ಇಂಗ್ಲಿಷ್ ವಲಸಿಗರೂ ಅಲ್ಲಿನ ಮೂಲನಿವಾಸಿ ವಾಂಪನೋಗ್ ಜನರೂ ಕೂಡಿ ಉಂಡದ್ದನ್ನೇ ಈ ಹಬ್ಬದ ಮೂಲವೆನ್ನುತ್ತಾರೆ. ಎಡ್ವರ್ಡ್ ವಿನ್‌ಸ್ಲೋ ಬರೆದ ಪತ್ರದಲ್ಲಿರುವುದು ಬೇಟೆಯಾಡಿ ತಂದ ಹಕ್ಕಿಗಳು, ಮ್ಯಾಸಸಾಯಿಟ್ ಎಂಬ ನಾಯಕನ ಜೊತೆ ಬಂದ ಸುಮಾರು 90 ಜನ, ಅವರು ತಂದ ಐದು ಜಿಂಕೆ, ಮೂರು ದಿನದ ಔತಣ. ಆಲೂಗಡ್ಡೆ ಆಗ ಆ ನೆಲಕ್ಕೆ ಬಂದೇ ಇರಲಿಲ್ಲ. ಪೈಗೆ ಬೇಕಾದ ಗೋಧಿಹಿಟ್ಟು, ಬೆಣ್ಣೆ ಅವರ ಬಳಿ ಇರಲಿಲ್ಲ. ಆ ಔತಣದ ನಂತರ ಮೂಲನಿವಾಸಿಗಳ ಪಾಲಿಗೆ ಏನಾಯಿತು ಎಂಬುದನ್ನು ನೆನೆದು 1970ರಿಂದ ಪ್ಲಿಮತ್‌ನಲ್ಲೇ ಅದೇ ದಿನವನ್ನು ಶೋಕದಿನವಾಗಿ ಆಚರಿಸುವವರಿದ್ದಾರೆ. ಇಂದು ನಾವು ಕಾಣುವ ಊಟದ ಪಟ್ಟಿ ಹತ್ತೊಂಬತ್ತನೇ ಶತಮಾನದ್ದು. ಪತ್ರಿಕೆಯ ಸಂಪಾದಕಿಯಾಗಿದ್ದ ಸಾರಾ ಜೋಸೆಫಾ ಹೇಲ್ 1827ರ ತಮ್ಮ ಕಾದಂಬರಿಯಲ್ಲೇ ಟರ್ಕಿಯಿಂದ ಹಿಡಿದು ಕುಂಬಳದ ಪೈವರೆಗೆ ಇಡೀ ಮೇಜನ್ನು ಬಣ್ಣಿಸಿದ್ದರು. ದೇಶಕ್ಕೆಲ್ಲ ಒಂದೇ ದಿನ ರಜೆ ಬೇಕೆಂದು ವರ್ಷಗಟ್ಟಲೆ ಪತ್ರ ಬರೆದರು. 1863ರಲ್ಲಿ ಲಿಂಕನ್ ಒಪ್ಪಿದರು. ಗುರುವಾರ ಯಾವುದು ಎಂಬ ಗೊಂದಲ 1941ರ ಕಾಯ್ದೆಯಿಂದ ಮುಗಿಯಿತು.

ದೇಶಕ್ಕೆಲ್ಲ ದಿನ ಒಂದೇ ಆದರೂ ಮೇಜು ಒಂದಾಗಲಿಲ್ಲ. ದಕ್ಷಿಣದಲ್ಲಿ ಸ್ಟಫಿಂಗಿಗೆ ಬ್ರೆಡ್ಡಿನ ಬದಲು ಮೆಕ್ಕೆಜೋಳದ ರೊಟ್ಟಿ. ಕಪ್ಪು ಜನರ ಮನೆಗಳಲ್ಲಿ ಓವನ್ನಿನಲ್ಲಿ ಬೇಯಿಸಿದ ಮ್ಯಾಕರೋನಿ ಚೀಸ್‌ಗೆ ಅಗ್ರಸ್ಥಾನ, ಕುಂಬಳದ ಪೈ ಕೂರುವ ಜಾಗದಲ್ಲಿ ಗೆಣಸಿನ ಪೈ. ಬಾಲ್ಟಿಮೋರ್‌ನಲ್ಲಿ ಟರ್ಕಿಯ ಪಕ್ಕ ಜರ್ಮನ್ನರ ಹುಳಿ ಕೋಸು, ಮಿನೆಸೋಟದಲ್ಲಿ ಒಜಿಬ್ವೆ ಜನ ದೋಣಿಯಲ್ಲಿ ಹೋಗಿ ಕೆರೆಗಳಿಂದ ಬಡಿದು ತರುವ ಕಾಡಕ್ಕಿ, ಟೆಕ್ಸಸ್ಸಿನ ಮೆಕ್ಸಿಕನ್ ಮನೆಗಳಲ್ಲಿ ತಮಾಲೆ. ಯಾರ ಅಜ್ಜಿ ಎಲ್ಲಿಂದ ಬಂದವಳು ಎಂದು ತಿಳಿಯಬೇಕಾದರೆ ಟರ್ಕಿಯನ್ನು ಬಿಟ್ಟು ಉಳಿದದ್ದನ್ನು ನೋಡಿದರಾಯಿತು.

ಕನ್ನಡದವರಲ್ಲಿ ಸಸ್ಯಾಹಾರಿಗಳ ಮನೆಗೆ ಬಂದರೆ ಲೆಕ್ಕವೇ ಬೇರೆ. ಟರ್ಕಿಯನ್ನು ತೆಗೆದುಬಿಟ್ಟರೆ ಪಕ್ಕದವೇ ಊಟ. ನೋಡಿದರೆ ಎಲ್ಲ ತರಕಾರಿಯೇ ಎನಿಸುತ್ತದೆ, ಕೆದಕಿದರೆ ಒಂದೊಂದರಲ್ಲೂ ಒಂದೊಂದು ಗುಟ್ಟು. ಸ್ಟಫಿಂಗಿಗೆ ಕೋಳಿ ಬೇಯಿಸಿದ ನೀರು, ಕೆಲವು ಪೈಗಳ ಹಿಟ್ಟಿಗೆ ಹಂದಿಯ ಕೊಬ್ಬು, ಗ್ರೇವಿಗಂತೂ ಕೇಳುವುದೇ ಬೇಡ. ಡಲ್ಲಾಸ್‌ನ ಮಗಳ ಮನೆಗೆ ಹೋಗಿದ್ದ ಮೈಸೂರಿನ ನಮ್ಮ ನೆಂಟರೊಬ್ಬರು ಪಕ್ಕದ ಮನೆಯ ಔತಣದಲ್ಲಿ ಗೆಣಸು ಕಂಡು ಖುಷಿಯಿಂದ ಕೈ ಚಾಚಿದರಂತೆ.

“ಅಮ್ಮ, ಅದನ್ನ ಹಾಕ್ಕೋಬೇಡ. ಮೇಲಿರೋದ್ರಲ್ಲಿ ಜೆಲಟಿನ್ ಇದೆ.”

“ಅದೇನೇ ಅದು?”

“ದನದ್ದೋ ಹಂದೀದೋ ಚರ್ಮ, ಮೂಳೆ ಬೇಯಿಸಿ ತೆಗೀತಾರಮ್ಮ.”

“ಅಯ್ಯೋ, ಗೆಣಸಿಗೆ ಅದ್ಯಾಕೆ ಬೇಕಿತ್ತೇ ಅವರಿಗೆ!”

ಪಕ್ಕದ ಮನೆಯಾಕೆ ಒಳ್ಳೆಯ ಹೆಂಗಸು, ಮರುವರ್ಷ ಒಂದು ಮೂಲೆಯ ಗೆಣಸನ್ನು ಮಾರ್ಷ್‌ಮೆಲ್ಲೊ ಇಲ್ಲದೆ ಬರೀ ಬೆಣ್ಣೆ, ಪೀಕನ್ ಹಾಕಿ ಬಿಟ್ಟಿದ್ದರಂತೆ. ನಮ್ಮವರು ಕರೆದಾಗಲೂ ಇದೇ ಸೂಕ್ಷ್ಮ ಬೇಕು. ಮೊಟ್ಟೆ ತಿನ್ನುವವರು ಯಾರು, ಚೀಸ್ ಆಗದವರು ಯಾರು, ಯಾರಿಗೆ ಬೀಜಗಳ ಅಲರ್ಜಿ, ಇವನ್ನು ಮೊದಲೇ ಕೇಳಿ ಬರೆದಿಟ್ಟುಕೊಂಡರೆ ಗುರುವಾರ ಮಧ್ಯಾಹ್ನ ಡಬ್ಬಿಯ ಹಿಂದಿನ ಸಣ್ಣಕ್ಷರ ಓದುತ್ತಾ ನಿಲ್ಲುವುದು ತಪ್ಪುತ್ತದೆ. ಮೊಟ್ಟೆ ಇಲ್ಲದ ಕುಂಬಳದ ಪೈಗೆ ಕಾರ್ನ್‌ಫ್ಲೋರ್ ಸಾಕು. ಕೊಯ್ದಾಗ ಅಂಚು ಅಷ್ಟು ಚೂಪಾಗಿ ನಿಲ್ಲುವುದಿಲ್ಲ, ರುಚಿಗೇನೂ ಕೊರತೆಯಿಲ್ಲ.

ಗುರುವಾರದ ರಜೆಗೆ ಶುಕ್ರವಾರವನ್ನೂ ಸೇರಿಸಿದರೆ ನಾಲ್ಕು ದಿನ ಸಿಗುವುದರಿಂದ ಬೇರೆ ಬೇರೆ ಊರಿನ ಕನ್ನಡ ಕುಟುಂಬಗಳು ಒಂದು ಮನೆಯಲ್ಲಿ ಸೇರುವ ವಾಡಿಕೆ ಬೆಳೆದಿದೆ. ಅಲ್ಲಿ ನಡೆಯುವುದು ಪಾಟ್‌ಲಕ್. ಏನಾದರೂ ತನ್ನಿ ಎಂದರೆ ನಾಲ್ಕು ಮನೆಯವರೂ ಗಾಜರ್ ಹಲ್ವಾ ತರುತ್ತಾರೆ, ಪಲ್ಯ ಯಾರೂ ತರುವುದಿಲ್ಲ. ಹೆಸರು ಹಿಡಿದು ಹಂಚಬೇಕು. ದೂರದಿಂದ ಕಾರಿನಲ್ಲಿ ಬರುವವರಿಗೆ ತಣ್ಣಗೆ ಬಡಿಸುವಂಥದ್ದು: ಕೋಸಂಬರಿ, ಕ್ರ್ಯಾನ್‌ಬೆರಿ, ಪೈ. ಹತ್ತಿರದವರಿಗೆ ಬಿಸಿಯದು. ಅಡುಗೆ ಬಾರದ ಹುಡುಗರಿಗೆ ಬನ್ನು, ಐಸ್‌ಕ್ರೀಂ, ಹಣ್ಣು. ಓವನ್ ಬೇಕು ಎನ್ನುವವರಿಗೆ ಬರುವ ಮೊದಲೇ ಬಿಸಿಮಾಡಿ ತನ್ನಿ ಎಂದು ಮುಲಾಜಿಲ್ಲದೆ ಹೇಳಬೇಕು. ಹೊಸ ಪ್ರಯೋಗ ಒಂದೇ ಒಂದಿರಲಿ, ಅದೂ ಯಾರ ಅಚ್ಚುಮೆಚ್ಚಿನದ್ದನ್ನೂ ಕದಲಿಸದೆ. ಅಂತರ್ಜಾಲದಲ್ಲಿ ಕಂಡದ್ದೆಂದು ಅತ್ತೆಯ ಸ್ಟಫಿಂಗಿಗೆ ಬೆಳ್ಳುಳ್ಳಿ ಸೇರಿಸಿ ‘ಸುಧಾರಿಸಲು’ ಹೋದವರಿಗೆ ಮುಂದಿನ ವರ್ಷ ಪೇಪರ್ ತಟ್ಟೆ ತರುವ ಕೆಲಸ ಸಿಗುತ್ತದೆ.

ಪ್ರಮಾಣದ ವಿಷಯದಲ್ಲಿ ಎಲ್ಲ ಪದಾರ್ಥವನ್ನೂ ಎಲ್ಲರಿಗೂ ಪೂರ್ತಿ ಲೆಕ್ಕ ಹಾಕಿದರೆ ಮನೆ ತುಂಬ ಉಳಿಯುತ್ತದೆ. ಎಂಟು ಬಗೆ ಇದ್ದಾಗ ಒಬ್ಬೊಬ್ಬರು ಒಂದೊಂದರಲ್ಲಿ ಎರಡು ಚಮಚಕ್ಕಿಂತ ಹೆಚ್ಚು ಹಾಕಿಕೊಳ್ಳುವುದಿಲ್ಲ, ಆಲೂಗಡ್ಡೆಯೊಂದನ್ನು ಬಿಟ್ಟು. ಉಳಿದದ್ದು ಬೇಕೆಂದೇ ಹೆಚ್ಚು ಮಾಡುವವರೂ ಇದ್ದಾರೆ, ಅವರು ಬರುವವರಿಗೆಲ್ಲ ಖಾಲಿ ಡಬ್ಬಿ ತರಲು ಹೇಳಿರುತ್ತಾರೆ. ಎರಡು ಗಂಟೆಗಿಂತ ಹೆಚ್ಚು ಹೊರಗಿಡದೆ ಫ್ರಿಜ್‌ಗೆ ಸೇರಿಸಿದರೆ ಶುಕ್ರವಾರದ ತಿಂಡಿಗೆ ಚಿಂತೆಯಿಲ್ಲ. ಪೈಯನ್ನು ಬೆಳಗಿನ ಕಾಫಿಯ ಜೊತೆ ತಣ್ಣಗೇ ತಿನ್ನುವುದು ಅಲ್ಲಿ ಮಾಮೂಲು. ಕನ್ನಡದ ಮನೆಗಳಲ್ಲಿ ಮಿಕ್ಕ ಮ್ಯಾಶ್ಡ್ ಪೊಟೇಟೊಗೆ ಈರುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಸೇರಿಸಿ ಬೋಂಡಾ ಕರಿಯುತ್ತಾರೆ. ಬೆಣ್ಣೆ ಹಾಲು ಬೆರೆತಿರುವುದರಿಂದ ಉಂಡೆ ಎಣ್ಣೆಯಲ್ಲಿ ಒಡೆದುಕೊಳ್ಳುವ ಭಯವಿದೆ. ಒಂದೆರಡು ಚಮಚ ಹುರಿಗಡಲೆ ಪುಡಿ ಕಲಸಿ, ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟು ಆಮೇಲೆ ಕಡಲೆಹಿಟ್ಟಿಗೆ ಅದ್ದಿದರೆ ಗಟ್ಟಿಯಾಗಿ ನಿಲ್ಲುತ್ತದೆ. ನಂಚಿಕೊಳ್ಳಲು ಕ್ರ್ಯಾನ್‌ಬೆರಿ ಗೊಜ್ಜು.